ಎಣ್ಣೆ ಇದ್ದರೆ ನಿದ್ದೆ ತಪ್ಪಲ್ಲ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಡೊಂಬಿವಲಿಯವಳು. ಅಂಧೇರಿಯ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟೂವರೆಗೆ. ಅತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಮಗಳು ಎಂಟನೇ ಕ್ಲಾಸ್. ಹೋದ ತಿಂಗಳು ಒಂದು ಉಜ್ಜೀವನ ಕೂಟಕ್ಕೆ ಹೋಗಿದ್ದೆ. "ಈ ರಾತ್ರಿ ಕರ್ತನು ಬಂದರೆ ನೀನು ಸಿದ್ಧವಾಗಿದ್ದೀಯಾ? ಉಗುರುಬೆಚ್ಚಗಿದ್ದರೆ ಆತನು ನಿನ್ನನ್ನು ಬಾಯಿಂದ ಕಾರಿಬಿಡುತ್ತಾನೆ" ಎಂದು ಪ್ರಸಂಗಿಗಳು ಕೂಗಿ ಹೇಳಿದರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ನಾನು ಬೈಬಲ್ ಓದುವುದು ಲೋಕಲ್ ಟ್ರೇನಿನಲ್ಲಿ ಹತ್ತು ನಿಮಿಷ. ಅದರಲ್ಲೂ ಅರ್ಧ ತೂಕಡಿಕೆ. ನನ್ನ ನಾದಿನಿ ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋದಳು. "ನೀನು ಮಾರ್ಥಳ ಹಾಗೆ, ಮರಿಯಳ ಹಾಗೆ ಆಗು" ಅನ್ನುತ್ತಾಳೆ. ಪೂರ್ಣಹೃದಯದಿಂದ ಕರ್ತನನ್ನು ಪ್ರೀತಿಸುವುದೆಂದರೆ ಕೆಲಸ ಬಿಡಬೇಕಾ? ಇನ್ನೊಂದು ಸಣ್ಣ ಪ್ರಶ್ನೆ. ಮಗಳ ಕ್ಲಾಸಿನವರು ಭಾನುವಾರ ಬೆಳಿಗ್ಗೆ ಟೆಸ್ಟ್ ಇಡುತ್ತಾರೆ. ಆರಾಧನೆ ತಪ್ಪಿಸಿದರೆ ತಪ್ಪಾ?

ಉತ್ತರ: ಪ್ರಿಯ ಸಹೋದರಿಗೆ ಕರ್ತನ ನಾಮದಲ್ಲಿ ವಂದನೆಗಳು.

ಮೊದಲು ನಿದ್ದೆಯ ವಿಷಯ. ಅದನ್ನು ಮುಗಿಸದೆ ಉಳಿದದ್ದು ನಿಮ್ಮ ತಲೆಗೆ ಹೋಗುವುದಿಲ್ಲ.

ಮತ್ತಾಯ 25ನೇ ಅಧ್ಯಾಯ ತೆಗೆಯಿರಿ. ಹತ್ತು ಮಂದಿ ಕನ್ಯೆಯರ ಸಾಮ್ಯ. ಮದಲಿಂಗನನ್ನು, ಅಂದರೆ ಮದುಮಗನನ್ನು, ಎದುರುಗೊಳ್ಳಲು ದೀಪ ಹಿಡಿದು ಹೊರಟವರು. ಸಿದ್ಧತೆಯ ಬಗ್ಗೆ ಪ್ರಸಂಗ ಮಾಡುವವರೆಲ್ಲ ಎತ್ತಿಕೊಳ್ಳುವ ಭಾಗ ಇದೇ. ಐದು ಮಂದಿ ಬುದ್ಧಿವಂತೆಯರು, ಐದು ಮಂದಿ ಬುದ್ಧಿಯಿಲ್ಲದವರು. ಈಗ ಐದನೇ ವಚನವನ್ನು ನಿಧಾನವಾಗಿ ಓದಿ. ಮದಲಿಂಗ ಬರುವುದು ತಡವಾಯಿತು, ಎಲ್ಲರೂ ತೂಕಡಿಸಿ ನಿದ್ದೆ ಹೋದರು. ಎಲ್ಲರೂ! ಬುದ್ಧಿವಂತೆಯರೂ ಮಲಗಿದ್ದರು. ನಡುರಾತ್ರಿ ಕೂಗು ಕೇಳಿದಾಗ ಹತ್ತೂ ಜನ ಕಣ್ಣುಜ್ಜಿಕೊಂಡೇ ಎದ್ದದ್ದು. "ಯಾಕೆ ಮಲಗಿದಿರಿ" ಎಂದು ಮದಲಿಂಗ ಯಾರನ್ನೂ ಕೇಳುವುದಿಲ್ಲ. ಐದು ಮಂದಿಯ ಪಾತ್ರೆಯಲ್ಲಿ ಎಣ್ಣೆ ಇತ್ತು, ಐದು ಮಂದಿಯದರಲ್ಲಿ ಇರಲಿಲ್ಲ. ಕಥೆ ಇರುವುದು ಇಷ್ಟೇ.

"ಹದಿಮೂರನೇ ವಚನದಲ್ಲಿ ಎಚ್ಚರವಾಗಿರಿ ಅಂತ ಇದೆಯಲ್ಲಾ" ಎಂದು ನೀವು ಕೇಳಬಹುದು. ಇದೆ. ಆದರೆ ನಿದ್ದೆ ಹೋದವರನ್ನೇ ಬುದ್ಧಿವಂತೆಯರು ಎಂದು ಕರೆದ ಮೇಲೆ ಬಂದ ಮಾತು ಅದು. ಹಾಗಾದರೆ ಆ ಎಚ್ಚರ ಕಣ್ಣು ಮುಚ್ಚಿದರೂ ಉಳಿಯುವಂಥದ್ದೇ ಇರಬೇಕು, ಅಲ್ವಾ?

ನಾನು ಮುಂಬೈಗೆ ಹೊಸದಾಗಿ ಬಂದಾಗ ಪರೇಲಿನ ಒಂದು ಚಾಳಿನಲ್ಲಿ ಬಾಡಿಗೆಗಿದ್ದೆ. ನೀರು ಬರುತ್ತಿದ್ದದ್ದು ಬೆಳಗಿನ ಜಾವ. ನಾಲ್ಕಕ್ಕೆ ಅಂತ ಹೆಸರು. ಒಂದು ದಿನ ಮೂರೂವರೆಗೆ, ಇನ್ನೊಂದು ದಿನ ಐದಕ್ಕೆ. ಬಂದರೆ ಮುಕ್ಕಾಲು ಗಂಟೆ, ಆಮೇಲೆ ನಲ್ಲಿ ಸುಯ್ ಅಂತ ಗಾಳಿ ಬಿಡುತ್ತಿತ್ತು. ಮೊದಲ ವಾರ ನಾನು ಹೆದರಿ ರಾತ್ರಿಯಿಡೀ ನಲ್ಲಿಯ ಹತ್ತಿರ ಕೂತೆ. ಹಗಲು ಕೆಲಸಕ್ಕೆ ಬಾರದವನಾದೆ. ಪಕ್ಕದ ಖೋಲಿಯಲ್ಲಿ ಸೊಲ್ಲಾಪುರದ ಕಡೆಯ ಒಬ್ಬ ಅಜ್ಜಿ ಇದ್ದರು. ಗಿರಣಿ ಕೆಲಸಗಾರನ ಹೆಂಡತಿ, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವರು ರಾತ್ರಿ ಊಟವಾದ ಮೇಲೆ ಹಂಡೆ, ಕೊಡ, ಬಾಲ್ದಿ ಎಲ್ಲ ತಿಕ್ಕಿ ತೊಳೆದು ಬಾಗಿಲ ಹತ್ತಿರ ಸಾಲಾಗಿ ಇಡುತ್ತಿದ್ದರು. ಪೈಪಿನ ತುಂಡನ್ನು ಕೈಗೆ ಸಿಗುವ ಹಾಗೆ ನೇತುಹಾಕುತ್ತಿದ್ದರು. ಆಮೇಲೆ ಗಡದ್ದಾಗಿ ನಿದ್ದೆ. ನಲ್ಲಿಯಲ್ಲಿ ಮೊದಲ ಹನಿ ಸದ್ದಾದರೆ ಸಾಕು, ಎದ್ದು ನಿಂತಿರುತ್ತಿದ್ದರು. ನನಗೆ ಒಮ್ಮೆ ಬೈದರು: "ಕೊಡ ತೊಳ್ದಿಡೂದು ಬಿಟ್ಟು ನಳದ ಮುಂದ ಕುಂತ್ರ ನೀರು ಲಗೂನ ಬರ್ತದೇನು?"

ನಾನು ದೇವಶಾಸ್ತ್ರ ಓದಿದವನು. ಆದರೂ 25ನೇ ಅಧ್ಯಾಯ ನನಗೆ ಅರ್ಥವಾದದ್ದು ಆ ಬೈಗುಳದಲ್ಲಿ.

ನೀವು ಈಗ ನಲ್ಲಿಯ ಮುಂದೆ ಕೂತಿದ್ದೀರಿ. ಎದ್ದು ಕೊಡ ತೊಳೆದಿಟ್ಟು ಮಲಗಿ. 4ನೇ ಕೀರ್ತನೆಯ ಕೊನೆಯ ವಚನ ಮಲಗುವ ಹೊತ್ತಿನ ಪ್ರಾರ್ಥನೆಯೇ. ಸಮಾಧಾನದಿಂದ ಮಲಗಿ ಕೂಡಲೇ ನಿದ್ದೆ ಮಾಡುತ್ತೇನೆ, ನನ್ನನ್ನು ಕಾಯುವವನು ನೀನು ಎಂಬ ಅರ್ಥದ್ದು. ಬಾಯಿಪಾಠ ಮಾಡಿಕೊಳ್ಳಿ. ಒಂದೇ ವಚನ, ಹೆಚ್ಚು ಬೇಡ.

ಈಗ ಉಗುರುಬೆಚ್ಚಗಿನ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಕೋಲಿನ ಹಾಗೆ ಬೀಸುವವರು ಜಾಸ್ತಿ.

ಪ್ರಕಟನೆ 3ನೇ ಅಧ್ಯಾಯದ ಆ ಪತ್ರ ಬರೆದದ್ದು ಲವೊದಿಕೀಯ ಎಂಬ ಊರಿನ ಸಭೆಗೆ. ಆ ಊರು ಈಗಿನ ಟರ್ಕಿಯಲ್ಲಿತ್ತು. ಹತ್ತಿರದಲ್ಲೇ ಹಿಯೆರಾಪೊಲಿ. ಅಲ್ಲಿ ಬಿಸಿನೀರಿನ ಬುಗ್ಗೆಗಳು, ಈಗಲೂ ಇವೆ, ಪಾಮುಕ್ಕಲೆ ಅಂತ ಪ್ರವಾಸಿಗರು ಹೋಗುತ್ತಾರೆ. ಇನ್ನೊಂದು ಕಡೆ ಕೊಲೊಸ್ಸೆ, ಬೆಟ್ಟದ ತಣ್ಣೀರಿನ ಊರು. ಲವೊದಿಕೀಯಕ್ಕೆ ಮಾತ್ರ ನೀರು ದೂರದಿಂದ ಕಲ್ಲಿನ ಕೊಳವೆಯಲ್ಲಿ ಬರಬೇಕಿತ್ತು. ಬಿಸಿನೀರು ಮೈನೋವಿಗೆ ಒಳ್ಳೆಯದು, ತಣ್ಣೀರು ಬಾಯಾರಿಕೆಗೆ ಒಳ್ಳೆಯದು. ಎರಡೂ ಅಲ್ಲದ ನೀರು ಬಾಯಿಗೆ ಹಾಕಿದರೆ ವಾಕರಿಕೆ. ಬಹಳ ಮಂದಿ ವ್ಯಾಖ್ಯಾನಕಾರರು ಈ ಮಾತನ್ನು ಹೀಗೆ ಓದುತ್ತಾರೆ, ನನಗೂ ಇದೇ ಸರಿ ಅನ್ನಿಸುತ್ತದೆ. "ಬಿಸಿ" ಎಂದರೆ ಕೂಟದಲ್ಲಿ ಕೈಯೆತ್ತಿ ಅಳುವುದು, "ತಣ್ಣಗೆ" ಎಂದರೆ ನಂಬಿಕೆ ಬಿಟ್ಟವನು ಎಂದು ಓದಿದರೆ ಕರ್ತನು "ತಣ್ಣಗಾದರೂ ಇರಬಾರದಿತ್ತೇ" ಎಂದು ಹೇಳುವುದಕ್ಕೆ ಅರ್ಥವೇ ಇರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಮುಂದಿನ ವಚನ. ಆ ಸಭೆಯ ರೋಗ ಏನೆಂದು ಕರ್ತನೇ ಹೇಳುತ್ತಾನೆ. ನಾನು ಐಶ್ವರ್ಯವಂತ, ನನಗೆ ಏನೂ ಕೊರತೆಯಿಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದರು. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ನನಗೆ ಕೊರತೆಯಿಲ್ಲ ಎಂಬ ಒಂದು ಸಾಲೂ ಅದರಲ್ಲಿ ಇಲ್ಲ. ಕೊರತೆಯೇ ತುಂಬಿದೆ. ಆ ಪತ್ರ ಬರೆದದ್ದು ಬೇರೆ ವಿಳಾಸಕ್ಕೆ ಅಮ್ಮಾ. ಪೋಸ್ಟ್‌ಮ್ಯಾನ್ ತಪ್ಪಿ ನಿಮ್ಮ ಮನೆಗೆ ಹಾಕಿದ್ದಾನೆ. ಹೋಗಲಿ, ತೆಗೆದುಕೊಂಡಾಗಿದೆ, 20ನೇ ವಚನದವರೆಗೆ ಓದಿಬಿಡಿ. ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ, ಒಳಗೆ ಬಂದು ನಿನ್ನ ಸಂಗಡ ಊಟ ಮಾಡುತ್ತೇನೆ ಎಂಬ ಮಾತನ್ನು ಕರ್ತನು ಹೇಳಿದ್ದು ಇದೇ ಉಗುರುಬೆಚ್ಚಗಿನ ಸಭೆಗೆ. ಕೂಟದಲ್ಲಿ 16ನೇ ವಚನಕ್ಕೇ ನಿಲ್ಲಿಸಿಬಿಟ್ಟರೆ ಜನ ಹೆದರುತ್ತಾರೆ, ಮತ್ತೇನು.

ಪೂರ್ಣಹೃದಯ ಎಂದರೇನು ಎಂದು ಕೇಳಿದ್ದೀರಿ. ದೇವರನ್ನು ಪೂರ್ಣಹೃದಯದಿಂದ, ಪೂರ್ಣಶಕ್ತಿಯಿಂದ ಪ್ರೀತಿಸು ಎಂದು ಯೇಸು ಮಾರ್ಕ 12ರಲ್ಲಿ ಹೇಳಿದ ಆ ಆಜ್ಞೆ ಧರ್ಮೋಪದೇಶಕಾಂಡ 6ರಿಂದ ಬಂದದ್ದು. ನಾವು ಕನ್ನಡದಲ್ಲಿ ಹೃದಯ ಎಂದ ಕೂಡಲೇ ಭಾವನೆ ಅಂದುಕೊಳ್ಳುತ್ತೇವೆ. ಕಣ್ಣೀರು ಬಂದರೆ ಹೃದಯ ತುಂಬಿತು, ಬರದಿದ್ದರೆ ಇಲ್ಲ. ಇಬ್ರಿಯ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ಹೃದಯ ಎಂದರೆ ಯೋಚಿಸುವ, ನಿರ್ಧಾರ ಮಾಡುವ ಜಾಗವೂ ಹೌದು. ನಾವು "ತಲೆ" ಅನ್ನುವ ಕಡೆ ಅವರು ಹೃದಯ ಅನ್ನುತ್ತಾರೆ. ಇನ್ನು ಆ ವಚನದಲ್ಲಿ "ಪೂರ್ಣಶಕ್ತಿ" ಎಂದು ನಾವು ಓದುವ ಪದ ಇಬ್ರಿಯದಲ್ಲಿ "ಮೆಓದ್". ಬೇರೆ ಕಡೆ ಹೆಚ್ಚಾಗಿ ಅದಕ್ಕೆ ಅರ್ಥ "ಬಹಳ" ಅಂತ ಅಷ್ಟೇ. ಅಂದರೆ "ನಿನ್ನ ಬಹಳದಿಂದ ಪ್ರೀತಿಸು". ನಿನಗೆ ಎಷ್ಟು ಇದೆಯೋ ಅಷ್ಟರಿಂದ. ಯೆಹೂದ್ಯರ ಹಳೆಯ ಗುರುಗಳು ಇದಕ್ಕೆ ಹಣ, ಆಸ್ತಿ ಎಂದೇ ಅರ್ಥ ಹೇಳಿದರು. ಪೂರ್ಣಹೃದಯ ಎಂದರೆ ಮನಸ್ಸಿನ ಒಳ್ಳೆಯ ಎಳೆತ, ಕೆಟ್ಟ ಎಳೆತ ಎರಡರಿಂದಲೂ ಎಂದರು. ನನಗೆ ಇದು ಬಹಳ ಹಿಡಿಸಿದ ಮಾತು. ಮನಸ್ಸು ಪೂರ್ತಿ ಶುದ್ಧವಾದ ಮೇಲೆ ಬಾ ಎಂದು ಹೇಳಿಲ್ಲ, ಎರಡೂ ಎಳೆತಗಳನ್ನು ಹೊತ್ತುಕೊಂಡೇ ಬಾ ಎಂದ ಹಾಗಾಯಿತು.

ಅಲ್ಲಿ ಗಂಟೆಗಳ ಲೆಕ್ಕ ಎಲ್ಲೂ ಇಲ್ಲ. ಇರುವುದು ಜಾಗಗಳ ಪಟ್ಟಿ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳನ್ನು ಆಡುತ್ತಿರಬೇಕು ಎಂದು ಏಳನೇ ವಚನ ಹೇಳುತ್ತದೆ. ದಾರಿಯಲ್ಲಿ ನಡೆಯುವಾಗ ಎಂಬುದಕ್ಕೆ ನಿಮ್ಮ ಮಟ್ಟಿಗೆ ಡೊಂಬಿವಲಿಯಿಂದ ಘಾಟ್ಕೋಪರ್, ಅಲ್ಲಿಂದ ಮೆಟ್ರೊ ಎಂದು ಬರೆದುಕೊಳ್ಳಿ.

ನಾದಿನಿ ಹೇಳಿದ ಮಾರ್ಥಳ ಮಾತಿಗೆ ಬರುತ್ತೇನೆ. ಈ ಒಂದು ಕಥೆಯಿಂದ ನಮ್ಮ ಸಭೆಗಳ ಹೆಂಗಸರಿಗೆ ಆದಷ್ಟು ಅನ್ಯಾಯ ಬೇರೆ ಯಾವುದರಿಂದಲೂ ಆಗಿಲ್ಲವೇನೋ. ಊಟ ಬೇಕು, ಕೂಟಕ್ಕೆ ಬಂದವರಿಗೆಲ್ಲ ಚಹಾ ಬೇಕು, ಆಮೇಲೆ ಪ್ರಸಂಗದಲ್ಲಿ ಮಾರ್ಥಳಿಗೆ ಬೈಗುಳ. ಲೂಕ 10ರಲ್ಲಿ ಯೇಸು ಮನೆಗೆ ಬಂದಾಗ ತಂಗಿ ಮರಿಯಳು ಆತನ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಳು, ಮಾರ್ಥಳು ಅಡಿಗೆಯ ಗಡಿಬಿಡಿಯಲ್ಲಿದ್ದಳು. ಯೇಸು ಅವಳ ಅಡಿಗೆಯನ್ನು ತಪ್ಪು ಅನ್ನಲಿಲ್ಲ. ನೀನು ಅನೇಕ ವಿಷಯಗಳ ಚಿಂತೆಯಲ್ಲಿ ಗಡಿಬಿಡಿಯಾಗಿದ್ದೀ ಎಂದ. ಒಲೆಯ ಮುಂದೆ ನಿಂತು ತಂಗಿಯನ್ನು ಅಳೆಯುತ್ತಿದ್ದಳಲ್ಲ, ಅದನ್ನು ಹಿಡಿದ. ಈ ಮಾರ್ಥಳ ಕಥೆ ಅಲ್ಲಿಗೇ ಮುಗಿಯುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಯೋಹಾನ 11ರಲ್ಲಿ ತಮ್ಮ ಸತ್ತ ದುಃಖದಲ್ಲಿ ಊರ ಹೊರಗೆ ಬಂದು, ನೀನು ಕ್ರಿಸ್ತನು, ದೇವಕುಮಾರನು ಎಂದು ಒಪ್ಪಿಕೊಂಡವಳು ಮಾರ್ಥಳೇ. ಯೇಸುವಿನ ಶಿಷ್ಯ ಪೇತ್ರನು ಇದೇ ರೀತಿ ಮಾಡಿದ ಅರಿಕೆಗೆ ಕಡಿಮೆಯಿಲ್ಲದ ಅರಿಕೆ ಅದು. ಮರಿಯಳು ಆಗ ಮನೆಯಲ್ಲಿ ಕೂತಿದ್ದಳು. ಮುಂದಿನ ಅಧ್ಯಾಯದಲ್ಲಿ ಮತ್ತೆ ಔತಣ. ಮಾರ್ಥಳು ಏನು ಮಾಡುತ್ತಿದ್ದಳು? ಬಡಿಸುತ್ತಿದ್ದಳು. ಈ ಸಲ ಯಾರೂ ಅವಳನ್ನು ತಿದ್ದುವುದಿಲ್ಲ. ಅದೇ ಕೆಲಸ, ಅದೇ ಕೈ, ಗಡಿಬಿಡಿ ಮಾತ್ರ ಇಲ್ಲ.

ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್‌ನ ಕಾರ್ಮೆಲೈಟ್ ಮಠದಲ್ಲಿ ಸಹೋದರ ಲಾರೆನ್ಸ್ ಎಂಬುವನಿದ್ದ. ಹಿಂದೆ ಸಿಪಾಯಿ, ಕಾಲು ಕುಂಟು. ಮಠದಲ್ಲಿ ಅವನಿಗೆ ಸಿಕ್ಕಿದ್ದು ಅಡಿಗೆಮನೆ. ಅದು ಅವನಿಗೆ ಇಷ್ಟವಿಲ್ಲದ ಕೆಲಸ. 1691ರಲ್ಲಿ ಸಾಯುವವರೆಗೂ ಅವನು ದೊಡ್ಡ ಪದವಿಗೆ ಹೋಗಲಿಲ್ಲ. ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡ. ಅವನನ್ನು ನೋಡಲು ದೊಡ್ಡವರೂ ಬರುತ್ತಿದ್ದರು.

ಹಾಗಾದರೆ ಕೆಲಸ ಬಿಡಬೇಕಾ? ನನ್ನ ಉತ್ತರ: ಬೇಡ. ನಾದಿನಿಗೆ ಕರೆ ಬಂದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆದರಿಕೆ ಕರೆಯಲ್ಲ. ನಿದ್ದೆಗೆಟ್ಟ ರಾತ್ರಿಯಲ್ಲಿ ಮಾಡಿದ ತೀರ್ಮಾನವನ್ನು ಹಗಲಿನಲ್ಲಿ ನಾಲ್ಕು ಸಲ ನೋಡಬೇಕು. ನಿಮ್ಮ ಸಂಬಳದಲ್ಲಿ ಅತ್ತೆಯ ಔಷಧಿ ಇದೆ, ಮಗಳ ಓದು ಇದೆ.

ಥೆಸಲೋನಿಕ ಎಂಬ ಊರಿನ ಆದಿಸಭೆಯಲ್ಲಿ ಕರ್ತನ ಬರೋಣದ, ಅಂದರೆ ಆತನು ಮತ್ತೆ ಬರುವ ಮಾತು ಬಹಳ ಜೋರಾಗಿತ್ತು. ಅಲ್ಲಿ ಕೆಲವರು ಕೆಲಸ ಬಿಟ್ಟು ಕೂತಿದ್ದರು, ಅವರಿವರ ಮನೆಯ ಉಸಾಬರಿಗೆ ಹೋಗುತ್ತಿದ್ದರು. ಪೌಲ ಅವರಿಗೆ ಬರೆದದ್ದು ಏನು? ಸುಮ್ಮನಿದ್ದು ಸ್ವಂತ ಕೆಲಸ ನೋಡಿಕೊಳ್ಳಿ, ಕೈಯಾರೆ ದುಡಿಯಿರಿ. ಎರಡನೆಯ ಪತ್ರದಲ್ಲಿ ಇನ್ನೂ ಖಡಕ್ಕಾಗಿ, ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಎಂದ. ಈ ಮಾತು ಹೇಳಿದವನು ಸ್ವತಃ ಗುಡಾರ ಹೊಲಿಯುತ್ತಿದ್ದ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಅದೇ ಕಸುಬು ಮಾಡಿದ ಎಂದು ಅಪೊಸ್ತಲರ ಕೃತ್ಯಗಳು 18ರಲ್ಲಿ ಇದೆ. 1844ರಲ್ಲಿ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬುವನ ಹಿಂಬಾಲಕರು ಅಕ್ಟೋಬರ್ 22ಕ್ಕೆ ಕರ್ತನು ಬರುತ್ತಾನೆ ಎಂದು ನಂಬಿ ಕಾದರು. ಕೆಲವರು ಹೊಲದ ಬೆಳೆಯನ್ನು ಕೀಳದೆ ಬಿಟ್ಟರು. 23ರ ಬೆಳಿಗ್ಗೆ ಎಂದಿನ ಹಾಗೆ ಸೂರ್ಯ ಹುಟ್ಟಿತು. ಆ ದಿನವನ್ನೂ ಗಳಿಗೆಯನ್ನೂ ಯಾರೂ ಅರಿಯರು ಎಂದು ಮತ್ತಾಯ 24:36 ಸ್ಪಷ್ಟವಾಗಿ ಹೇಳಿದ ಮೇಲೂ ಲೆಕ್ಕ ಹಾಕುವವರು ಇದ್ದೇ ಇದ್ದಾರೆ. ಅದೇ ಅಧ್ಯಾಯದ 46ನೇ ವಚನದಲ್ಲಿ ಧಣಿ ಬಂದಾಗ ಆಳು ಏನು ಮಾಡುತ್ತಿದ್ದರೆ ಧನ್ಯ? ಜೊತೆಯವರಿಗೆ ಹೊತ್ತುಹೊತ್ತಿಗೆ ಊಟ ಅಳೆದು ಕೊಡುತ್ತಿದ್ದರೆ. ಎಷ್ಟು ಸಾದಾ ಕೆಲಸ ನೋಡಿ.

(ನಾಳೆ ಲೋಕ ಮುಗಿಯುತ್ತದೆಂದು ಗೊತ್ತಿದ್ದರೂ ಇವತ್ತು ಸೇಬಿನ ಗಿಡ ನೆಡುತ್ತೇನೆ ಎಂದು ಮಾರ್ಟಿನ್ ಲೂಥರ್ ಹೇಳಿದ ಅಂತ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಅವನ ಬರಹಗಳಲ್ಲಿ ಆ ಮಾತು ಸಿಕ್ಕಿಲ್ಲ. ನಾನೂ ಎರಡು ಸಲ ಹೇಳಿ, ಸಂಡೇ ಸ್ಕೂಲಿನ ಒಬ್ಬ ಹುಡುಗನ ಕೈಗೆ ಸಿಕ್ಕಿಬಿದ್ದಿದ್ದೇನೆ.)

ಎಲ್ಲ ಬಿಟ್ಟವರ ಕಥೆಯೂ ನಮ್ಮ ಮುಂಬೈಯಲ್ಲೇ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೊಲಾಬಾದ ಕಡೆ ಬೊವೆನ್ ಮೆಮೋರಿಯಲ್ ಚರ್ಚು ನೋಡಿರಬಹುದು. ಜಾರ್ಜ್ ಬೊವೆನ್ ಹೆಸರಿನದು. ಅಮೆರಿಕದವನು. ಹರೆಯದಲ್ಲಿ ದೇವರಿಲ್ಲ ಎನ್ನುತ್ತಿದ್ದ. ಮದುವೆಯಾಗಬೇಕಿದ್ದ ಹುಡುಗಿ ಕಾಯಿಲೆಯಿಂದ ತೀರಿಕೊಂಡಳು, ಸಾಯುವ ಮೊದಲು ತನ್ನ ಬೈಬಲನ್ನು ಅವನಿಗೆ ಬಿಟ್ಟುಹೋದಳು. ಅಲ್ಲಿಂದ ತಿರುಗಿದ. 1848ರಲ್ಲಿ ಮುಂಬೈಗೆ ಬಂದ. ಸ್ವಲ್ಪ ಸಮಯದಲ್ಲೇ ಮಿಷನ್ ಸಂಬಳ ಬೇಡವೆಂದ. ಊರ ಜನರ ನಡುವೆ ಬಡತನದಲ್ಲೇ ಬದುಕಿದ. 1888ರಲ್ಲಿ ಇಲ್ಲೇ ತೀರಿಕೊಂಡ, ನಲವತ್ತು ವರ್ಷದಲ್ಲಿ ಒಮ್ಮೆಯೂ ತಾಯ್ನಾಡಿಗೆ ಹೋಗಲಿಲ್ಲ. ಇವನ ಕಥೆಯನ್ನು ಯಾರಾದರೂ ನಿಮಗೆ "ನೋಡು, ಹೀಗಿರಬೇಕು" ಎಂದು ಹೇಳಬಹುದು. ಆದರೆ ಅವನು ಮದುವೆಯಾಗದೆ ಒಂಟಿಯಾಗಿದ್ದ, ಅವನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರಲಿಲ್ಲ. ಇನ್ನೊಂದು ಸಂಗತಿ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಅವನು ಬಾಂಬೆ ಗಾರ್ಡಿಯನ್ ಎಂಬ ಪತ್ರಿಕೆಯ ಸಂಪಾದಕನಾಗಿ ವರ್ಷಗಟ್ಟಲೆ ದುಡಿದ. ಸಂಪಾದಕನ ಕೆಲಸ ಏನೆಂದು ಪ್ರೆಸ್ಸಿನಲ್ಲಿ ಕೂತವರಿಗೆ ಗೊತ್ತು: ಬರೆಯುವುದು, ಪ್ರೂಫ್ ತಿದ್ದುವುದು, ಮತ್ತೆ ಅದೇ. ಸಂಬಳ ಬಿಟ್ಟ ದಿನ ಒಂದು. ಪ್ರೂಫ್ ತಿದ್ದಿದ ದಿನಗಳು ಎಷ್ಟೋ.

ಈಗ ಟ್ರೇನಿನ ಹತ್ತು ನಿಮಿಷ. ಅದನ್ನು ನಾಚಿಕೆಯಿಂದ ಬರೆದಿದ್ದೀರಿ. ಯಾಕೆ? ಬೆಳಿಗ್ಗೆ ಡೊಂಬಿವಲಿಯಿಂದ ಲೇಡೀಸ್ ಡಬ್ಬದಲ್ಲಿ ನಾಲ್ಕನೇ ಸೀಟಿನ ತುದಿಯಲ್ಲಿ ಅರ್ಧ ಕೂತು, ಪಕ್ಕದವರು ಬಟಾಣಿ ಸುಲಿಯುವಾಗ, ಕಿವಿಯ ಹತ್ತಿರ ಯಾರೋ ಫೋನಿನಲ್ಲಿ ಜಗಳವಾಡುವಾಗ ಒಂದು ಕೀರ್ತನೆ ಓದುವುದು ಸುಮ್ನೆ ಮಾತಲ್ಲ. ಆದರೆ ಓದುವ ರೀತಿಯನ್ನು ಸ್ವಲ್ಪ ಬದಲಾಯಿಸಿ. ಅಧ್ಯಾಯಗಟ್ಟಲೆ ಓದಬೇಡಿ, ತೂಕಡಿಕೆ ಬರುವುದು ಅದಕ್ಕೇ. ರಾತ್ರಿ ಮಲಗುವ ಮುಂಚೆ ಒಂದೇ ವಚನ ಆರಿಸಿ, ಕೈಯಲ್ಲೇ ಚೀಟಿಗೆ ಬರೆದು ಪಾಸಿನ ಕವರಿನಲ್ಲಿ ಇಡಿ. ಟ್ರೇನಿನಲ್ಲಿ ಪಾಸು ತೆಗೆದರೆ ವಚನವೂ ಬರುತ್ತದೆ. ದಿನಕ್ಕೊಂದು ವಚನ ಎಂಬ ಪದ್ಧತಿ ಹೊಸದಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯವರು 1728ರಲ್ಲಿ ಶುರು ಮಾಡಿದರು. ಬೆಳಿಗ್ಗೆ ಮನೆಮನೆಗೆ ಹೋಗಿ ಆ ದಿನದ ವಚನ ಹೇಳುತ್ತಿದ್ದರು, ಕಾವಲುಗಾರರಿಗೆ ಗುರುತಿನ ಮಾತು ಕೊಟ್ಟ ಹಾಗೆ. 1731ರಿಂದ ಪುಸ್ತಕವಾಗಿ ಅಚ್ಚಾಗುತ್ತಿದೆ, ಈಗಲೂ ನಿಂತಿಲ್ಲ.

ಆಫೀಸಿನಲ್ಲಿ? ನೆಹೆಮೀಯನ ಪುಸ್ತಕದ ಎರಡನೇ ಅಧ್ಯಾಯ ನೋಡಿ. ಅವನು ಪರ್ಷಿಯದ ಅರಸನ ಪಾನದಾಯಕ, ಅಂದರೆ ನೌಕರಿಯವನು. "ನಿನಗೇನು ಬೇಕು" ಎಂದು ಅರಸ ಕೇಳುತ್ತಾನೆ. ನೆಹೆಮೀಯ ಪರಲೋಕದ ದೇವರಿಗೆ ಪ್ರಾರ್ಥಿಸಿ ಅರಸನಿಗೆ ಉತ್ತರ ಕೊಡುತ್ತಾನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಸಿಕ್ಕಿರಬಹುದು? ಒಂದು ಉಸಿರು. ಮೊಣಕಾಲೂರಲು ಜಾಗವಿಲ್ಲ, ಕಣ್ಣು ಮುಚ್ಚಿದರೆ ತಲೆ ಹೋಗುತ್ತದೆ. ಬಾಸ್ ಕ್ಯಾಬಿನ್ನಿಗೆ ಕರೆದಾಗ ನಿಮಗೂ ಸಿಗುವುದು ಅಷ್ಟೇ. ಅದು ಸಾಕು. ಒಂದು ಮಾತು ಸೇರಿಸುತ್ತೇನೆ. ಆ ಒಂದು ಉಸಿರಿನ ಹಿಂದೆ ಮೊದಲ ಅಧ್ಯಾಯದ ಎಷ್ಟೋ ದಿನಗಳ ಅಳು, ಉಪವಾಸ ಇತ್ತು. ಪಾತ್ರೆಯಲ್ಲಿ ಎಣ್ಣೆ ಮೊದಲೇ ಇತ್ತು. ಹಾಗಾಗಿ ವಾರಕ್ಕೊಮ್ಮೆಯಾದರೂ, ಶನಿವಾರ ರಾತ್ರಿಯೋ ಭಾನುವಾರ ಮಧ್ಯಾಹ್ನವೋ, ಒಂದು ಗಂಟೆ ಬಾಗಿಲು ಹಾಕಿಕೊಂಡು ಕೂರಿ. ಆ ಹೊತ್ತು ಅತ್ತೆಯನ್ನು ನೋಡಿಕೊಳ್ಳಲು ಯಜಮಾನರಿಗೆ ಹೇಳಿ. ಅವರ ಬಗ್ಗೆ ನೀವು ಪತ್ರದಲ್ಲಿ ಒಂದು ಅಕ್ಷರವೂ ಬರೆದಿಲ್ಲ. ಮನೆಯ ಭಾರವೆಲ್ಲ ನಿಮ್ಮೊಬ್ಬರ ಹೆಗಲಿಗೆ ಹೇಗೆ ಬಂತು ಎಂದೂ ನಾನು ಯೋಚಿಸಿದೆ. ಅದು ನಿಮ್ಮಿಬ್ಬರ ನಡುವೆ ಆಗಬೇಕಾದ ಮಾತು.

ನೀವು ಅಕೌಂಟ್ಸಿನವರು, ಅದಕ್ಕೇ ಇದನ್ನೂ ಹೇಳುತ್ತೇನೆ. ದಾನಿಯೇಲ 6ರಲ್ಲಿ, ಅರಸನ ಅಧಿಕಾರಿಯಾಗಿದ್ದ ದಾನಿಯೇಲನ ವೈರಿಗಳು ಮೊದಲು ಹುಡುಕಿದ್ದು ಅವನ ಪ್ರಾರ್ಥನೆಯನ್ನಲ್ಲ, ಅವನ ಕಚೇರಿಯ ಕೆಲಸದಲ್ಲಿ ತಪ್ಪು ಸಿಗುತ್ತದೋ ಎಂದು. ಆಡಿಟ್ ಮಾಡಿದರು ಅನ್ನಿ. ಏನೂ ಸಿಗಲಿಲ್ಲ. ಆಮೇಲೆ ಪ್ರಾರ್ಥನೆಗೆ ಕೈಹಾಕಿದರು. ನಮ್ಮಲ್ಲಿ ಎಷ್ಟೋ ಜನರ ವಿಷಯದಲ್ಲಿ ಮೊದಲ ಆಡಿಟ್‌ನಲ್ಲೇ ಕೇಸು ಮುಗಿದುಹೋಗುತ್ತದೆ. ಸುಳ್ಳು ಬಿಲ್ಲಿಗೆ ಸಹಿ ಹಾಕು, ಹಳೆಯ ತಾರೀಖು ಬರೆ ಎಂದು ಯಾರಾದರೂ ಹೇಳಿದಾಗ ನೀವು ಏನು ಮಾಡುತ್ತೀರಿ ಎಂಬುದು ಕೂಟದಲ್ಲಿ ಅತ್ತದ್ದಕ್ಕಿಂತ ಹೆಚ್ಚಿನ ಪೂರ್ಣಹೃದಯ. ಕೊಲೊಸ್ಸೆ 3:23ರಲ್ಲಿ, ಏನು ಮಾಡಿದರೂ ಮನುಷ್ಯರಿಗೆಂದು ಮಾಡದೆ ಕರ್ತನಿಗೆಂದು ಮನಃಪೂರ್ವಕವಾಗಿ ಮಾಡಿ ಎಂದು ಪೌಲ ಹೇಳಿದ್ದು ಗುಲಾಮರಿಗೆ. ಕೆಲಸ ಬಿಡುವ ಆಯ್ಕೆಯೇ ಇಲ್ಲದವರಿಗೆ.

ಸಿದ್ಧತೆಯಲ್ಲಿ ಇನ್ನೂ ಒಂದು ಕೊಡ ಇದೆ, ಅದನ್ನು ತೊಳೆಯಲು ಯಾರಿಗೂ ಮನಸ್ಸಿಲ್ಲ. ಮತ್ತಾಯ 5ರಲ್ಲಿ, ಕಾಣಿಕೆ ತಂದಾಗ ಸಹೋದರನ ಜೊತೆ ಜಗಳ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದಿದೆ. ನಾದಿನಿಯ ಮಾತು ನಿಮಗೆ ಚುಚ್ಚಿದೆ, ಪತ್ರದಲ್ಲೇ ಗೊತ್ತಾಗುತ್ತದೆ. ಫೋನ್ ಮಾಡಿ. ಮಾರ್ಥಳ ವಾದ ಬೇಡ. ಊಟಕ್ಕೆ ಕರೆಯಿರಿ.

2005ರ ಜುಲೈ 26 ನಿಮಗೂ ನೆನಪಿರಬೇಕು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಟ್ರೇನು ನಿಂತವು, ಜನ ಎದೆಮಟ್ಟದ ನೀರಿನಲ್ಲಿ ನಡೆದರು. ನಮ್ಮ ಸಭೆಯ ಒಬ್ಬ ಹೆಂಗಸಿನ ಮನೆ ಕಲೀನಾದಲ್ಲಿ, ಮೊದಲನೇ ಮಹಡಿಯಲ್ಲಿ ಒಂದು ಕೋಣೆ. ಸಭೆಯಲ್ಲಿ ಆಕೆ ಬಾಯಿಬಿಟ್ಟು ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಆ ರಾತ್ರಿ ಗುರುತಿಲ್ಲದ ಹನ್ನೊಂದು ಜನರನ್ನು ಒಳಗೆ ಕರೆದು, ಒಣ ಬಟ್ಟೆ ಕೊಟ್ಟು, ಗಂಜಿ ಮಾಡಿ ಹಾಕಿದರು. ವಾರದ ಮೇಲೆ ನನಗೆ ಬೇರೆಯವರಿಂದ ತಿಳಿಯಿತು. ಹೋಗಿ ಕೇಳಿದೆ, ಹೆದರಿಕೆಯಾಗಲಿಲ್ಲವಾ ಅಂತ. "ಡಬ್ಬದಲ್ಲಿ ಅಕ್ಕಿ ಇತ್ತು ಅಯ್ಯನವರೇ" ಅಂದರು. ಅಷ್ಟು ಹೇಳಿ ಚಹಾ ಇಡಲು ಎದ್ದರು. ಡಬ್ಬದಲ್ಲಿ ಅಕ್ಕಿ ಇಲ್ಲದ ದಿನಗಳನ್ನೂ ಆಕೆ ಕಂಡಿದ್ದರು, ಅದಕ್ಕೇ ಡಬ್ಬ ಖಾಲಿಯಾಗಲು ಬಿಡುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕೊನೆಗೆ ಭಾನುವಾರದ ಟೆಸ್ಟು. ಮಗಳನ್ನು ಕರೆದುಕೊಂಡು ಕ್ಲಾಸಿನವರ ಹತ್ತಿರ ನೀವೇ ಹೋಗಿ ಮಾತಾಡಿ, ಟೆಸ್ಟನ್ನು ಮಧ್ಯಾಹ್ನಕ್ಕೆ ಇಡಬಹುದಾ ಎಂದು ಕೇಳಿ. ಕೇಳದೆಯೇ ಆಗುವುದಿಲ್ಲ ಅಂದುಕೊಳ್ಳುವವರು ನಮ್ಮಲ್ಲಿ ಜಾಸ್ತಿ. ಆಗದಿದ್ದರೆ ಒಂದೆರಡು ಭಾನುವಾರ ಅವಳು ಸಂಜೆ ಆರಾಧನೆಗೆ ಹೋಗಲಿ, ಹತ್ತಿರ ಯಾವ ಭಾಷೆಯದ್ದು ಸಿಕ್ಕರೂ ಸರಿ. ಅದಕ್ಕೆ ನರಕದ ಹೆದರಿಕೆ ಹಾಕಬೇಡಿ. ಆದರೆ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಇರುವ ಭಾನುವಾರ ಮಾತ್ರ ಮನೆಮಂದಿಯೆಲ್ಲ ಒಟ್ಟಿಗೆ ಹೋಗಿ. ಟೆಸ್ಟ್ ಹೋದರೆ ಹೋಗಲಿ.

ಮನೆಮಂದಿಯೆಲ್ಲ ಎಂದು ಬರೆಯುವಾಗಲೇ ನನಗೆ ಹೊಳೆಯಿತು. ನಿಮ್ಮ ಅತ್ತೆ ಎರಡು ವರ್ಷದಿಂದ ಭೋಜನ ತೆಗೆದುಕೊಂಡಿದ್ದಾರಾ? ಹಾಸಿಗೆ ಹಿಡಿದವರಿಗೆ ಸಭಾಪಾಲಕರು ಮನೆಗೇ ಬಂದು ಕೊಡುತ್ತಾರೆ, ಕೇಳುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಬಿಟ್ಟುಹೋಗಿರುತ್ತದೆ. ಈ ವಾರ ನಿಮ್ಮ ಅಯ್ಯನವರಿಗೆ ಹೇಳಿ ಒಂದು ಶನಿವಾರ ಸಂಜೆ ಕರೆಯಿರಿ. ಮಂಚದ ಪಕ್ಕ ಒಂದು ಸ್ಟೂಲು, ಮೇಲೆ ತೊಳೆದ ಬಿಳಿ ಬಟ್ಟೆ ಸಾಕು. ಕೀರ್ತನೆ ಮಗಳು ಓದಲಿ. ಹಾಡು ಯಾವುದು ಬೇಕೆಂದು ಅತ್ತೆಯನ್ನೇ ಕೇಳಿ. ನಾದಿನಿಗೂ ಅದೇ ದಿನ ಊಟಕ್ಕೆ ಹೇಳಿಬಿಡಿ.